ಮುದ್ದೆ ತೊಳಸುವ ಕೈ

ಜಯನಗರದ ನಮ್ಮ ಮನೆಯಲ್ಲಿ ಊಟವೆಂದರೆ ಎಲ್ಲರೂ ಒಟ್ಟಿಗೆ ಕೂತು ಮಾಡುವ ಊಟ. ಅಪ್ಪ ಆಫೀಸಿನಿಂದ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಅಮ್ಮ ಪಾತ್ರೆಗಳನ್ನೆಲ್ಲ ನಡುಮನೆಗೆ ತಂದಿಡುತ್ತಿದ್ದಳು. ಬೇಕಾದವರು ಬೇಕಾದ್ದು ಬಡಿಸಿಕೊಳ್ಳಬೇಕು, ಅಷ್ಟೇ. ಹಾಗೆ ಬೆಳೆದ ನನ್ನನ್ನು ಎಪ್ಪತ್ತರ ದಶಕದ ಆರಂಭದಲ್ಲಿ ಜರಗನಹಳ್ಳಿಯ ಕೂಡುಕುಟುಂಬಕ್ಕೆ ಕೊಟ್ಟು ಮದುವೆ ಮಾಡಿದರು. ದೂರವೇನೂ ಅಲ್ಲ, ಬಸ್ಸು ಹತ್ತಿ ಕನಕಪುರ ರಸ್ತೆಯಲ್ಲಿ ಇಳಿದರೆ ಆಯಿತು. ಆದರೆ ಹೊಟ್ಟೆಯ ಪಾಲಿಗೆ ಅದು ಬೇರೆ ದೇಶವೇ ಆಗಿತ್ತು.

ಆ ಮನೆಯಲ್ಲಿ ಊಟ ನಡೆಯುತ್ತಿದ್ದದ್ದು ಪಂಕ್ತಿಯ ಪ್ರಕಾರ. ಮೊದಲು ಗಂಡಸರು: ಮಾವ, ಭಾವ, ನನ್ನ ಗಂಡ, ಮೈದುನರು. ಆಮೇಲೆ ಮಕ್ಕಳು, ಅತ್ತೆ, ನೆಂಟರು ಬಂದಿದ್ದರೆ ನೆಂಟರು. ಅವರೆಲ್ಲ ಎದ್ದ ಮೇಲೆ ಎಂಜಲು ಬಳಿದು, ನೆಲ ಸಾರಿಸಿ, ಅಡುಗೆಮನೆಯಲ್ಲೇ ಒಲೆಯ ಪಕ್ಕದಲ್ಲಿ ಸೊಸೆಯರು, ಅಂದರೆ ನಾನು ಮತ್ತು ನನ್ನ ಓರಗಿತ್ತಿ. ಭಾವನ ಹೆಂಡತಿಯಾದ ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ನಾವಿಬ್ಬರೂ ಒಟ್ಟಿಗೆ ಉಣ್ಣುತ್ತಿದ್ದೆವು ಎನ್ನುವುದೂ ಹೆಸರಿಗಷ್ಟೇ. ನನ್ನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಹಸುವಿಗೆ ಕಲಗಚ್ಚು ಕೊಟ್ಟು ಬಂದು, ನಾನು ಅರ್ಧ ಮುಗಿಸಿದ ಮೇಲೆ ಅವಳು ಪಾತ್ರೆಯ ತಳ ಕೆರೆಯುತ್ತಿದ್ದಳು. ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟೇನು, ಹಸಿವೇ. ಗಂಡಸರು ಎರಡನೇ ಮುದ್ದೆಗೆ ಕೈ ಚಾಚಿದಾಗಲೆಲ್ಲ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಅಕ್ಕ ಸೆರಗಿನ ಮರೆಯಲ್ಲಿ ಒಂದು ಹಿಡಿ ಹುರಿಗಾಳು ನನ್ನ ಕೈಗೆ ತುರುಕಿ, "ಟೌನ್ ಹೊಟ್ಟೆ ಕಣೇ ನಿಂದು, ಗಡಿಯಾರ ನೋಡ್ಕೊಂಡು ಕೂಗ್ತದೆ" ಎಂದು ನಗುತ್ತಿದ್ದಳು.

ಆ ಮನೆಯ ಮುದ್ದೆ ಅಕ್ಕನ ಕೈಯಲ್ಲಿತ್ತು. ಅಷ್ಟು ಜನಕ್ಕೆ ಹಿಟ್ಟು ತೊಳಸುವುದು ಸುಮ್ಮನೆ ಮಾತಲ್ಲ. ಕುದಿಯುವ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ, ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮುದ್ದೆಕೋಲು ತಿರುವಬೇಕು. ಭುಜದಿಂದ ಬೆರಳಿನವರೆಗೆ ಇಡೀ ತೋಳು ದುಡಿಯಬೇಕು. ನಾನೂ ಒಂದು ದಿನ ಹುಮ್ಮಸ್ಸಿನಲ್ಲಿ ತೊಳಸಿದ್ದೆ. ಗಂಟುಗಂಟಾಗಿ, ಅರ್ಧ ಬೆಂದು ಅರ್ಧ ಹಸಿಯಾಗಿ ಏನೋ ಒಂದು ಆಯಿತು. ಅತ್ತೆ ಅದನ್ನು ಹಸುವಿಗೆ ಇಟ್ಟರು. "ಹಸೂನೂ ಮೂಸಿ ನೋಡಿ ಮುಖ ತಿರುಗಿಸ್ಕೊಳ್ತು" ಎಂದು ಮನೆಗೆ ಬಂದವರಿಗೆಲ್ಲ ಹೇಳಿದರು. ಆಮೇಲೆ ಮುದ್ದೆಕೋಲು ಮುಟ್ಟುವ ಉಸಾಬರಿಗೆ ನಾನು ಹೋಗಲಿಲ್ಲ. ತರಕಾರಿ ಹೆಚ್ಚುವುದು, ಮಕ್ಕಳಿಗೆ ಪಾಠ ಹೇಳಿಕೊಡುವುದು ನನ್ನ ಪಾಲಿಗೆ ಬಂದವು.

ಮದುವೆಯಾದ ಮರುವರ್ಷದ ಬೇಸಿಗೆಯಲ್ಲಿ ವಾಂತಿಭೇದಿ ಬಂತು. ಕಾಲರಾ ದೇಶದಿಂದ ದೇಶಕ್ಕೆ ಹಬ್ಬುತ್ತಿದೆ ಎಂದು ಪೇಪರಿನಲ್ಲಿ ಓದಿದ್ದೆವು. ಓದಿ, ಆ ಪೇಪರನ್ನೇ ಮಡಚಿ ಗೂಡಿಗೆ ಹಾಸಿದ್ದೆವು. ಅದು ನಮ್ಮ ಹಿತ್ತಿಲಿಗೇ ಬರುತ್ತದೆ ಎಂದು ಯಾರು ಎಣಿಸಿದ್ದರು? ನಮ್ಮ ಮನೆಯ ಹಿಂದೆ ಮಾವ ಕಟ್ಟಿಸಿ ಬಾಡಿಗೆಗೆ ಕೊಟ್ಟ ಒಂದು ವಠಾರವಿತ್ತು. ಜೆ.ಪಿ. ನಗರದಲ್ಲಿ ಆಗ ತಾನೇ ಏಳುತ್ತಿದ್ದ ಮನೆಗಳಿಗೆ ಗಾರೆ ಕೆಲಸಕ್ಕೆ ಹೋಗುವವರು ಅಲ್ಲಿದ್ದರು. ಅವರಿಗೂ ನಮಗೂ ನೀರು ಒಂದೇ ಬಾವಿಯದು. ಗಾರೆಯವನೊಬ್ಬನ ಹೆಂಡತಿಗೆ ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬೀಳುವ ಮಟ್ಟಕ್ಕೆ ಬಂತು. ಅವಳನ್ನು ಆಸ್ಪತ್ರೆಗೆ ಸಾಗಿಸುವ ತನಕ ಪಕ್ಕದಲ್ಲಿ ಕೂತವಳು ಅಕ್ಕ. ಅವಳು ಬದುಕಿ ಬಂದ ಮೇಲೂ ಎರಡು ಹೊತ್ತು ಗಂಜಿ ಒಯ್ದವಳು, ಅವಳ ಬಟ್ಟೆಬರೆ ಹಿಂಡಿ ಹಾಕಿದವಳು, ಅವಳ ಕೂಸನ್ನು ಎತ್ತಿಕೊಂಡು ತಿರುಗಿದವಳು ಎಲ್ಲ ಅಕ್ಕನೇ. ಆ ಹೊತ್ತಿಗೆ ವಠಾರದ ಇನ್ನೊಂದೆರಡು ಮನೆಗಳಲ್ಲೂ ಕಾಣಿಸಿಕೊಂಡಿತ್ತು.

"ದೂರ ನಿಂತು ಕೊಡಬಾರದಾ ಅಕ್ಕ?" ಎಂದು ನಾನು ಬೈದೆ.

"ದೂರ ನಿಂತ್ರೆ ಗಂಜಿ ಬಾಯಿಗೆ ಹೋಗ್ತದಾ?" ಎಂದಳು.

ಹೆಲ್ತ್ ಇನ್‌ಸ್ಪೆಕ್ಟರ್ ಜೀಪಿನಲ್ಲಿ ಬಂದರು. ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿಸಿ, ನಮ್ಮ ಜಗಲಿಯ ಮೇಲೆ ಸೀಮೆಎಣ್ಣೆ ಸ್ಟೌವ್ ಹಚ್ಚಿಸಿ ಸೂಜಿ ಕುದಿಸಲು ಇಟ್ಟರು. ಬಳಲಿದ ಮುಖ, ಕಂಕುಳಲ್ಲಿ ಬೆವರಿನಿಂದ ನೆಂದ ಖಾಕಿ ಅಂಗಿ. ಎಲ್ಲ ಕಡೆಯೂ ಇದೇ ಜಗಳ ನೋಡಿ ಬಂದಿದ್ದರೆಂದು ಕಾಣುತ್ತದೆ, ಕೂರುವ ಮುಂಚೆಯೇ ಹೇಳಿಬಿಟ್ಟರು.

"ನೋಡಿ ಯಜಮಾನ್ರೇ, ಔಷಧಿ ಸಾಲ್ತಾ ಇಲ್ಲ. ಎಲ್ಲಾ ಕಡೆಯಿಂದ್ಲೂ ಕೇಳ್ತಾವ್ರೆ. ಮೊದ್ಲು ವಠಾರದೋರಿಗೆ ಹಾಕ್ತೀನಿ. ಮಿಕ್ಕಿದ್ದು ನಿಮ್ಮನೆಗೆ. ಯಾರಾದ್ರೂ ಉಳ್ಕೊಂಡ್ರೆ ಬರೋ ವಾರ ಬಂದು ಹಾಕ್ತೀನಿ."

ಅತ್ತೆಗೆ ರೇಗಿತು. "ಬಾಡಿಗೆಯೋರಿಗೆ ಮೊದ್ಲು, ಮನೆಯೋರಿಗೆ ಮಿಕ್ಕಿದ್ದಾ? ಚೆನ್ನಾಗದೆ ಸ್ವಾಮಿ ನಿಮ್ಮ ನ್ಯಾಯ!"

"ಕಾಯಿಲೆ ಎಲ್ಲದೋ ಅಲ್ಲಿಂದ ಶುರು ಮಾಡಿ ಅಂತ ಆರ್ಡರ್ ಆಗಿದೆ ಕಣಮ್ಮ. ನಾನೇನು ಮಾಡ್ಲಿ."

ಮಾವ ಅತ್ತೆಯನ್ನು ಸುಮ್ಮನಿರಿಸಿದರು. ವಠಾರದವರಿಗೆಲ್ಲ ಹಾಕಿ ಮುಗಿಸಿ ಇನ್‌ಸ್ಪೆಕ್ಟರು ನಮ್ಮ ಕಡೆ ತಿರುಗಿದಾಗ ರಬ್ಬರ್ ಮುಚ್ಚಳದ ಒಂದು ಬಾಟಲಿಯಷ್ಟೇ ಉಳಿದಿತ್ತು. "ಬನ್ನಿ" ಎಂದರು. ಯಾರು ಬರಬೇಕು ಎಂದು ಅವರು ಹೇಳಲಿಲ್ಲ. ನಮ್ಮಲ್ಲೂ ಯಾರೂ ಹೇಳಲಿಲ್ಲ. ಆದರೂ ಸಾಲು ತಾನಾಗಿ ನಿಂತಿತು. ಮಾವ ಅಂಗಿಯ ತೋಳು ಮಡಚಿ ಮುಂದೆ ಬಂದರು. ಅವರ ಹಿಂದೆ ಭಾವ, ಅವರ ಹಿಂದೆ ನನ್ನವರು, ಮೈದುನರು. ಆಮೇಲೆ ಅಕ್ಕನ ಮಕ್ಕಳು, ಕಿರುಚಿಕೊಂಡು. ಆಮೇಲೆ ಅತ್ತೆ, ಮುಖ ಆಚೆ ತಿರುಗಿಸಿಕೊಂಡು. ಊಟದ ಪಂಕ್ತಿ! ತಟ್ಟೆ ಇರಲಿಲ್ಲ ಅಷ್ಟೇ. ನನಗೆ ಒಳಗೊಳಗೇ ನಗು ಬಂತು, ಹಿಂದೆಯೇ ಭಯವೂ ಆಯಿತು. ಪಾತ್ರೆಯ ತಳ ಯಾರ ಪಾಲಿನದು ಎಂದು ನನಗೆ ಗೊತ್ತಿತ್ತಲ್ಲ.

ಅತ್ತೆಯದು ಆದ ಮೇಲೆ ಇನ್‌ಸ್ಪೆಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನೊಬ್ರಿಗೆ ಆಗ್ತದೆ" ಎಂದರು. ಉಳಿದಿದ್ದವರು ನಾವಿಬ್ಬರು.

"ಅಕ್ಕನಿಗೆ ಹಾಕಿ ಸಾರ್" ಎಂದೆ ನಾನು. ಆ ಮನೆಯಲ್ಲಿ ಗಂಡಸರ ಎದುರಿಗೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. "ಕಾಯಿಲೆಯೋರ ಹತ್ರ ದಿನಾ ಹೋಗಿಬರೋಳು ಅವಳು. ವಠಾರಕ್ಕೆ ಯಾಕೆ ಮೊದ್ಲು ಹಾಕಿದ್ರೋ ಅದೇ ಕಾರಣ ಇವಳಿಗೂ ಇದೆಯಲ್ಲ."

ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ಸೂಜಿ ಚುಚ್ಚಿದ ಜಾಗವನ್ನು ಉಜ್ಜಿಕೊಳ್ಳುತ್ತಾ ಇನ್‌ಸ್ಪೆಕ್ಟರನ್ನು ಕೇಳಿದರು, "ಇದಕ್ಕೆ ಜ್ವರ ಬರ್ತದೆ ಅಂತಾರಲ್ಲ?"

"ನಾಳೆ ಎಲ್ರಿಗೂ ಜ್ವರ ಬರ್ತದೆ. ಕೈ ಊದ್ತದೆ. ಒಂದೆರಡು ದಿನ ಎತ್ತೋಕಾಗಲ್ಲ."

"ಹಂಗಾದ್ರೆ ದೊಡ್ಡವ್ಳು ಕೈ ಊದಿಸ್ಕೊಂಡು ಕೂತ್ರೆ ನಾಳೆ ಹಿಟ್ಟು ತೊಳಸೋರು ಯಾರು? ಇಡೀ ಮನೆ ಜ್ವರದಲ್ಲಿ ಮಲ್ಗಿರ್ತದೆ, ಒಂದು ಲೋಟ ಬಿಸಿನೀರು ಕೊಡೋಕಾದ್ರೂ ಒಬ್ರು ಎದ್ದಿರೋದು ಬೇಡ್ವಾ? ಚಿಕ್ಕವ್ಳಿಗೆ ಹಾಕಿ ಸ್ವಾಮಿ. ಇವ್ಳ ಕೈ ಊದಿದ್ರೂ ಒಂದೇ, ಊದ್ದೇ ಇದ್ರೂ ಒಂದೇ."

ಜಗಲಿಯ ಮೇಲಿದ್ದವರೆಲ್ಲ ಘೊಳ್ಳನೆ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅಕ್ಕ. ನನಗೆ ಕಿವಿಯವರೆಗೆ ಉರಿಯಿತು. ಬೇಡವೇ ಬೇಡ ಎಂದು ಒಳಗೆ ಹೊರಟೆ. ಅಕ್ಕ ನನ್ನನ್ನು ಹಿಡಿದೆಳೆದು ತಾನೇ ನನ್ನ ಕುಪ್ಪಸದ ತೋಳು ಮೇಲೇರಿಸಿದಳು. ಮುದ್ದೆ ತೊಳಸುವ ಕೈ ಅದು, ಬಿಡಿಸಿಕೊಳ್ಳಲು ನನ್ನಿಂದ ಎಲ್ಲಾದರೂ ಸಾಧ್ಯವೇ? "ಹಾಕಿಸ್ಕೊಳ್ಳೇ ಸುಮ್ನೆ. ನಂದು ಬರೋ ವಾರ ಆಯ್ತದೆ" ಎಂದಳು. ಬೇರೆ ಬಾವಿಗಳಿಗೆ ಪೌಡರ್ ಸುರಿಸಲು ಹೋಗಬೇಕಿದ್ದ ಇನ್‌ಸ್ಪೆಕ್ಟರು ಚುಚ್ಚಿಯೇಬಿಟ್ಟರು.

ಆ ದಿನವನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಅತ್ತೆಯನ್ನು ಕೆಟ್ಟವರೆಂದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಆದರೆ ಅವರು ಕೆಟ್ಟವರಾಗಿರಲಿಲ್ಲ. ಹಿರಿಸೊಸೆಯೆಂದರೆ ಅವರಿಗೆ ಪ್ರಾಣ, ಸಂತೆಯಿಂದ ಬಳೆ ತಂದರೆ ಮೊದಲು ಅವಳ ಕೈಗೇ ತೊಡಿಸುತ್ತಿದ್ದರು. ಮರುದಿನ ಇಡೀ ಮನೆ ಮಲಗುತ್ತದೆ, ಒಬ್ಬರು ಎದ್ದಿರಬೇಕು ಎಂಬ ಅವರ ಮಾತಿನಲ್ಲಿ ಇವತ್ತಿಗೂ ನನಗೆ ತಪ್ಪು ಕಾಣುವುದಿಲ್ಲ. ಮನೆ ನಡೆಸುವವರು ನಾಳೆಯ ಊಟ ನೋಡದೆ ಇನ್ನೇನು ನೋಡುತ್ತಾರೆ? ಆದರೆ ಅವಳಿಲ್ಲದಿದ್ದರೆ ಮನೆ ನಡೆಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು, ಅದೇ ಕಾರಣಕ್ಕೆ ಅವಳನ್ನು ಕೊನೆಗೆ ಬಿಟ್ಟೆವು. ಕೈಲಾಗದ ನನಗೆ ರಕ್ಷಣೆ ಸಿಕ್ಕಿತು, ಅವಳಿಗೆ ಅವಳ ಕೈಯೇ ಮುಳುವಾಯಿತು.

ಇನ್‌ಸ್ಪೆಕ್ಟರು ಹೇಳಿದಂತೆಯೇ ಮರುದಿನ ಮನೆ ಮಲಗಿತು. ನಡುಮನೆಯಲ್ಲಿ ಉದ್ದಕ್ಕೆ ಚಾಪೆಗಳು, ಎಲ್ಲರ ಬಾಯಲ್ಲೂ ನರಳಾಟ. ಒಂದು ಚೀಲ ರಾಗಿಯನ್ನು ಒಂಟಿಕೈಯಲ್ಲಿ ಎತ್ತುತ್ತಿದ್ದ ಭಾವ ನೀರಿನ ಲೋಟ ಎತ್ತಲಾಗದೆ ಹೆಂಡತಿಯನ್ನು ಕೂಗುತ್ತಿದ್ದರು. ಅಕ್ಕ ಒಬ್ಬಳೇ ಚಾಪೆಯಿಂದ ಚಾಪೆಗೆ ಓಡಾಡುತ್ತಾ, ಗಂಜಿ ಕುಡಿಸುತ್ತಾ, ಒದ್ದೆ ಬಟ್ಟೆ ಹಣೆಗೆ ಹಾಕುತ್ತಾ, ಮಧ್ಯೆ ಹಿತ್ತಿಲಿಗೆ ಹೋಗಿ ವಠಾರದ ಆ ಹೆಂಗಸಿಗೂ ಗಂಜಿ ಕೊಟ್ಟು ಬಂದಳು. "ನೋಡಿದ್ಯಾ, ನಾನೂ ಚುಚ್ಚಿಸ್ಕೊಂಡಿದ್ರೆ ಇವ್ರನ್ನೆಲ್ಲ ಯಾರು ನೋಡ್ಕೋಬೇಕಿತ್ತು?" ಎಂದು ನನ್ನ ಊದಿದ ತೋಳಿಗೆ ಉಪ್ಪಿನ ಶಾಖ ಕೊಟ್ಟಳು. ನಾನು ಗೋಡೆಗೆ ಮುಖ ಮಾಡಿ ಮಲಗಿದೆ.

ಎಲ್ಲರೂ ಎದ್ದು ಓಡಾಡುವಂತಾದ ಮೇಲೆ, ಇನ್‌ಸ್ಪೆಕ್ಟರು ಹೇಳಿದ ವಾರ ಇನ್ನೂ ತುಂಬುವ ಮೊದಲೇ, ಅಕ್ಕ ಬೆಳಿಗ್ಗೆ ಹಿತ್ತಿಲಿಗೆ ಹೋಗಿಬರುವುದು ಹೆಚ್ಚಾಯಿತು. ಕೇಳಿದರೆ, "ಏನೋ ಉಷ್ಣ" ಎಂದಳು. ಮೊದಲ ಪಂಕ್ತಿಗೆ ಮುದ್ದೆ ತೊಳಸಿದಳು, ಉಂಡೆ ಕಟ್ಟಿದಳು, ಬಡಿಸಿದಳು. ಗಂಡಸರು ಕೈ ತೊಳೆಯಲು ಏಳುತ್ತಿದ್ದಂತೆ ಮುದ್ದೆಕೋಲು ಹಿಡಿದುಕೊಂಡೇ ಒಲೆಯ ಮುಂದೆ ಕುಸಿದಳು. ಅವಳ ಕೈ ಹಿಡಿದರೆ ತಣ್ಣಗಿತ್ತು. ಅಂಗೈ ಚರ್ಮ ಬಹಳ ಹೊತ್ತು ನೀರಿನಲ್ಲಿ ನೆಂದ ಹಾಗೆ ಸುಕ್ಕುಗಟ್ಟಿತ್ತು.

ಮಾರ್ಕೆಟ್ಟಿಗೆ ತರಕಾರಿ ಸಾಗಿಸುವ ಟೆಂಪೋದಲ್ಲೇ ಅವಳನ್ನು ಮಲಗಿಸಿದರು. ಜೊತೆಗೆ ಯಾರು? ಭಾವ ಮುಂದೆ ಡ್ರೈವರ್ ಪಕ್ಕ ಕೂತರು. "ಸೂಜಿ ಆಗಿರೋಳು ನೀನು, ನೀನು ಹತ್ತಮ್ಮ" ಎಂದರು ಮಾವ. ಸೂಜಿ ಎಲ್ಲರಿಗೂ ಆಗಿತ್ತು, ಆದರೂ ನಾನು ಎರಡನೇ ಮಾತಾಡದೆ ಹತ್ತಿದೆ. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅವಳಿಗೆ ಏನಾದರೂ ಆದರೆ ಆ ಮನೆಯ ಹೊಸಿಲು ಮತ್ತೆ ತುಳಿಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

ಆಸ್ಪತ್ರೆಯಲ್ಲಿ ನಡುವೆ ತೂತು ಮಾಡಿದ ದಪ್ಪ ಬಟ್ಟೆಯ ಮಂಚಗಳು, ಪ್ರತಿ ಮಂಚದ ಕೆಳಗೂ ಬಕೆಟ್ಟು. ಮುದ್ದೆ ತೊಳಸುವ ಆ ಕೈಗೆ ಸಲೈನ್ ಸೂಜಿ ಚುಚ್ಚಲು ನರ ಸಿಗದೆ ನರ್ಸು ಒದ್ದಾಡಿದಳು. ಸಿಕ್ಕಿದ ಮೇಲೆ ಬಾಟಲಿಯ ಮೇಲೆ ಬಾಟಲಿ. ಮಾರನೆಯ ದಿನ ಅವಳು ಕಣ್ಣು ತೆರೆದಾಗ ನಾನು ಅಳು ತಡೆದುಕೊಂಡು ಬಗ್ಗಿದೆ. ಅವಳ ತುಟಿ ಅಲುಗಾಡಿತು.

"ಹಿಟ್ಟು ಯಾರು ತೊಳಸಿದ್ರು?" ಎಂದು ಕೇಳಿದಳು.

ನನಗೆ ಬಂದ ಕೋಪಕ್ಕೆ ಎದುರಿಗೆ ಯಾರಾದರೂ ಸಿಕ್ಕಿದ್ದರೆ ಹೊಡೆದೇಬಿಡುತ್ತಿದ್ದೆ. ಸಾಯಲು ಬಿದ್ದವಳು ಕೇಳುವ ಪ್ರಶ್ನೆಯೇ ಅದು?

ಉತ್ತರ ಮಧ್ಯಾಹ್ನ ಬಂತು. ಅತ್ತೆ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಮಾರ್ಕೆಟ್ಟಿಗೂ ಜೊತೆಯಿಲ್ಲದೆ ಹೋಗದ ಹೆಂಗಸು ಯಾರ್ಯಾರನ್ನು ದಾರಿ ಕೇಳಿಕೊಂಡು ಬಂದರೋ. ವಾರ್ಡಿನೊಳಗೆ ಬಿಡಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತರು. ಅವರ ಬಲ ಅಂಗೈಯಲ್ಲಿ ಬೊಬ್ಬೆ ಒಡೆದು ಕೆಂಪಾಗಿತ್ತು. ತೋಳಿನ ಬಾವು ಪೂರ್ತಿ ಇಳಿದಿರಲಿಲ್ಲ. ಸೊಸೆಯನ್ನು ಬಹಳ ಹೊತ್ತು ನೋಡಿದರು.

"ನನ್ನದನ್ನ ಅವ್ಳಿಗೆ ಹಾಕಿಸ್ಬೇಕಾಗಿತ್ತು ಕಣಮ್ಮಣ್ಣಿ" ಎಂದರು ನನಗೆ. "ನಾಳೆ ಯಾರು ತೊಳಸ್ತಾರೆ ಅಂತ ನೋಡ್ದೆ. ನಾಡಿದ್ದು ನೋಡ್ಲಿಲ್ಲ. ಅವ್ಳಿಗೆ ಎರಡು ಮಕ್ಳವೆ. ನಾನು ಉಂಡು ಕೈ ತೊಳ್ಕೊಂಡಿರೋ ಮುದುಕಿ, ನನಗ್ಯಾತಕ್ಕೆ ಬೇಕಾಗಿತ್ತು ಅದು?"

ಅವರನ್ನು ಬೈಯಬೇಕೆಂದು ನಾನು ಮಾತುಗಳನ್ನು ಕೂಡಿಟ್ಟುಕೊಂಡಿದ್ದೆ. ಆದರೆ ಸರಳಿನ ಸಂದಿಯಿಂದ ಅವರ ಬೊಬ್ಬೆಯ ಕೈ ಹಿಡಿದುಕೊಂಡೆ.

ಆ ಕಾಲರಾ ಸೂಜಿ ಅಂಥ ಗಟ್ಟಿ ಔಷಧಿಯೇನೂ ಅಲ್ಲ, ಹಾಕಿಸಿಕೊಂಡವರಿಗೂ ಕಾಯಿಲೆ ಬರುತ್ತಿತ್ತು ಎಂದು ಎಷ್ಟೋ ವರ್ಷದ ಮೇಲೆ ಪರಿಚಯದ ಡಾಕ್ಟರೊಬ್ಬರು ಹೇಳಿದರು. ಅಂದರೆ ಅವತ್ತಿನ ಆ ಕೊನೆಯ ಸೂಜಿ ಅಕ್ಕನಿಗೇ ಬಿದ್ದಿದ್ದರೂ ಅವಳು ಮಲಗುತ್ತಿದ್ದಳೋ ಏನೋ. ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಸೂಜಿಯ ಶಕ್ತಿ ಎಷ್ಟೆಂದು ಜಗಲಿಯ ಮೇಲೆ ನಮಗ್ಯಾರಿಗೂ ಗೊತ್ತಿರಲಿಲ್ಲ. ಅದು ಜೀವ ಉಳಿಸುತ್ತದೆ ಎಂದು ನಂಬಿಯೇ ನಾವು ಅವಳನ್ನು ಬಿಟ್ಟಿದ್ದೆವು.

ಎಂಬತ್ತರ ದಶಕದಲ್ಲಿ ನನ್ನ ಮಗಳಿಗೆ ಪೋಲಿಯೋ ಹನಿ ಹಾಕಿಸಲು ಜೆ.ಪಿ. ನಗರದ ಆಸ್ಪತ್ರೆಯೊಂದಕ್ಕೆ ಹೋಗುವಾಗ ಅಕ್ಕನೂ ಜೊತೆಗೆ ಬಂದಿದ್ದಳು. ಅಲ್ಲಿ ಕ್ಯೂ ಎಂಬುದು ಹೆಸರಿಗೂ ಇರಲಿಲ್ಲ. "ನಮ್ಮದು ಮೊದಲು" ಎಂದು ಕಾರಿನಲ್ಲಿ ಬಂದವರೂ ಕೂಗುತ್ತಿದ್ದರು, ನಡೆದು ಬಂದವರೂ ಕೂಗುತ್ತಿದ್ದರು. ಅಕ್ಕ ನನ್ನ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಗೋಡೆಗೆ ಒರಗಿ, "ಮೊದ್ಲು ಅವ್ರದಾಗ್ಲಿ, ಪಾಪ" ಎಂದು ಎಲ್ಲರಿಗೂ ದಾರಿ ಬಿಡುತ್ತಿದ್ದಳು. ನಾನು ಅವಳ ಭುಜ ಹಿಡಿದು ಮುಂದಕ್ಕೆ ನೂಕಿದೆ. ಜನ ನನ್ನನ್ನು ಬಜಾರಿ ಎಂದುಕೊಂಡಿರಬೇಕು. ಅಂದುಕೊಳ್ಳಲಿ. ಹಾಗೆ ನೂಕುವುದನ್ನು ನಾನು ಕಲಿತದ್ದು ಅತ್ತೆಯಿಂದ.

ಅದನ್ನು ಕಲಿತದ್ದು ಆ ಕಾಲರಾದ ಬೇಸಿಗೆಯಲ್ಲಿ, ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದು, ಗಂಜಿ ಬಿಟ್ಟು ಗಟ್ಟಿ ಊಟ ಮಾಡಬಹುದು ಎಂದಾದ ಮೊದಲ ದಿನ. ಅವಳ ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ, ಅಷ್ಟು ಸೊರಗಿದ್ದಳು. ಆದರೂ ಅಭ್ಯಾಸಬಲದಿಂದ ಅಡುಗೆಮನೆಗೆ ಬಂದು ಒಲೆಯ ಪಕ್ಕ ನಿಂತಳು. ಹಿಟ್ಟು ತೊಳಸುತ್ತಿದ್ದವಳು ನಾನು. ಗಂಟು ಆಗಲೂ ಇತ್ತು, ಮೊದಲಿನಷ್ಟು ಇರಲಿಲ್ಲ. ಆಚೆ ನಡುಮನೆಯಲ್ಲಿ ಗಂಡಸರು ಸಾಲಾಗಿ ಕೂತು, ತಟ್ಟೆಯ ಮುಂದೆ ನೀರು ಇಟ್ಟುಕೊಂಡು ಕಾಯುತ್ತಿದ್ದರು. ಮೊದಲ ಉಂಡೆ ಕಟ್ಟಿ ಮಾವನ ತಟ್ಟೆಗೆಂದು ಎತ್ತಿದೆ. ಅತ್ತೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಒಲೆಯ ಪಕ್ಕ ಒಂದು ಮಣೆ ಹಾಕಿ, ತಟ್ಟೆ ಇಟ್ಟು, ಮುದ್ದೆ ಇಟ್ಟು, ಬಿಸಿ ಸಾರು ಬಿಟ್ಟರು.

"ಕೂತ್ಕೋ" ಎಂದರು ಅಕ್ಕನಿಗೆ.

ಅಕ್ಕ ಗಾಬರಿಯಾದಳು. "ಅವ್ರದಾಗ್ಲಿ ಅತ್ತೆಮ್ಮ, ಆಮೇಲೆ..."

"ಕೂತ್ಕೋ ಅಂದೆ."

ಕೂತಳು. ಒಂದು ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟಳು. ಹುಟ್ಟಿದಾಗಿನಿಂದ ಯಾರಾದರೂ ಕಾಯುತ್ತಿರುವಾಗ ಉಂಡು ಗೊತ್ತಿಲ್ಲದವಳು. ಅವಳ ಕಣ್ಣು ನಡುಮನೆಯ ಕಡೆಗೇ ಇತ್ತು. ಅಲ್ಲಿ ಒಬ್ಬರು ಕೆಮ್ಮಿದರು, ಇನ್ನೊಬ್ಬರು ತಟ್ಟೆ ಸರಿಸಿದರು. ಅಕ್ಕ ಎದ್ದುಬಿಡಲು ನೆಲಕ್ಕೆ ಕೈ ಊರಿದಳು. ಅತ್ತೆ ಬೊಬ್ಬೆ ಮಾಯುತ್ತಿದ್ದ ಕೈಯನ್ನು ಅವಳ ಭುಜದ ಮೇಲಿಟ್ಟು ಒತ್ತಿ ಕೂರಿಸಿದರು.

"ಏನೇ, ಇನ್ನೂ ಆಗಿಲ್ವಾ?" ಎಂದು ಮಾವನ ದನಿ ಆಚೆಯಿಂದ ಬಂತು.

"ಆಗದೆ" ಎಂದು ಅತ್ತೆ ಇಲ್ಲಿಂದಲೇ ಕೂಗಿ ಹೇಳಿದರು. "ದೊಡ್ಡವ್ಳು ಉಣ್ತಾವ್ಳೆ. ಕಾಯ್ರಿ."